ಜ್ವರ ಬಂದಾಗ ವೈದ್ಯರಿಗೆ ಹೇಳಬೇಕಾದ ಮಾತು

ತೋಟದಲ್ಲಿ ಅಡಿಕೆ ಮರದ ಸೋಗೆ ಹಳದಿಯಾಯಿತೆಂದರೆ ಅನುಭವಿ ಬೆಳೆಗಾರ ಯಾರೂ ಕೂಡಲೆ ಔಷಧಿ ತರಲು ಓಡುವುದಿಲ್ಲ. ಬಸಿಗಾಲುವೆ ಕಟ್ಟಿ ನೀರು ನಿಂತಿದೆಯೇ, ಬೇರುಹುಳ ಬಿದ್ದಿದೆಯೇ, ಗೊಬ್ಬರ ಸಾಲದೆ ಹೋಯಿತೇ, ಅಥವಾ ಹಳದಿ ಎಲೆ ರೋಗವೇ ಬಂದಿದೆಯೇ ಎಂದು ಬುಡ ಕೆದಕಿ, ಬೇರು ನೋಡಿ, ಪಕ್ಕದ ಮರ ನೋಡಿ, ಆ ಜಾಗದಲ್ಲಿ ಹಿಂದಿನ ವರ್ಷ ಏನಾಗಿತ್ತೆಂದು ನೆನಪು ಮಾಡಿಕೊಂಡು ಅನಂತರ ತೀರ್ಮಾನಕ್ಕೆ ಬರುತ್ತಾನೆ. ಸೋಗೆಯ ಹಳದಿ ಒಂದೇ, ಕಾರಣ ಹಲವು.

ಮನುಷ್ಯನಿಗೆ ಬರುವ ಜ್ವರದ ಸಂಗತಿಯೂ ಇದೇ. ಮೈ ಬಿಸಿ, ತಲೆನೋವು, ಮೈಕೈ ನೋವು ಈ ಮೂರು ಲಕ್ಷಣಗಳು ನೆಗಡಿ ಜ್ವರದಲ್ಲಿಯೂ ಉಂಟು, ಡೆಂಗೆಯಲ್ಲಿಯೂ ಉಂಟು, ಇಲಿ ಜ್ವರದಲ್ಲಿಯೂ ಉಂಟು, ಮಂಗನ ಕಾಯಿಲೆಯಲ್ಲಿಯೂ ಉಂಟು. ಮೊದಲ ಎರಡು ದಿನ ಇವುಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ. ಆದರೆ ಮರಕ್ಕೆ ಬಾಯಿಲ್ಲ, ರೋಗಿಗೆ ಬಾಯಿದೆ. ವೈದ್ಯರ ಮುಂದೆ, ವಕೀಲರ ಮುಂದೆ ಏನನ್ನೂ ಮುಚ್ಚಿಡಬಾರದೆಂದು ಹಿರಿಯರು ಹೇಳುವುದುಂಟು. ನಮ್ಮಲ್ಲಿ ಮುಚ್ಚಿಡುವವರಿಗಿಂತ, ಯಾವುದನ್ನು ಹೇಳಬೇಕೆಂದು ತಿಳಿಯದೆ ಸುಮ್ಮನಿರುವವರೇ ಹೆಚ್ಚು. ಬೆಳೆಗಾರ ಬಂಧುಗಳ ಉಪಯೋಗಕ್ಕಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಇಲ್ಲಿ ಬರೆಯುತ್ತಿದ್ದೇವೆ.

ಸಾಮಾನ್ಯ ಯಾವುದು, ಅಪರೂಪ ಯಾವುದು?

ಜ್ವರವೆಂದು ಬಂದವರನ್ನು ನೋಡಿದಾಗ ವೈದ್ಯರು ಮೊದಲು ಯೋಚಿಸುವುದು ಆ ಊರಿನಲ್ಲಿ, ಆ ತಿಂಗಳಿನಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಯನ್ನೇ. ಇದು ಸರಿಯಾದ ಕ್ರಮ. ಹತ್ತು ಜ್ವರಗಳಲ್ಲಿ ಹೆಚ್ಚಿನವು ಮೂರು ನಾಲ್ಕು ದಿನಗಳಲ್ಲಿ ತಾವಾಗಿಯೇ ಇಳಿಯುವ ಸಣ್ಣ ಜ್ವರಗಳು. ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಸುತ್ತ ಹೋದರೆ ರೋಗಿಯ ಹಣವೂ ದಂಡ, ವೇಳೆಯೂ ದಂಡ.

ಆದರೆ ಅಪರೂಪವೆನ್ನುವುದು ಕಾಯಿಲೆಯ ಗುಣವಲ್ಲ, ಅದು ಊರಿಗೆ ಸೇರಿದ ಮಾತು. ಬೆಂಗಳೂರಿನ ಆರ್. ಟಿ. ನಗರದಲ್ಲಿ ಚಿಕಿತ್ಸಾಲಯ ಇಟ್ಟುಕೊಂಡಿರುವ ವೈದ್ಯರಿಗೆ ಡೆಂಗೆ ದಿನನಿತ್ಯದ ಕಾಯಿಲೆ; ಮಂಗನ ಕಾಯಿಲೆಯನ್ನು ಅವರು ಪುಸ್ತಕದಲ್ಲಿ ಓದಿರುತ್ತಾರೆ, ಒಬ್ಬ ರೋಗಿಯನ್ನೂ ನೋಡದೆ ಇರಬಹುದು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ, ಮಾಘ ಮಾಸದ ಬಿಸಿಲಿನಲ್ಲಿ, ಅದೇ ಕಾಯಿಲೆ ಅಪರೂಪವೇ ಅಲ್ಲ. ಅಲ್ಲಿಯ ಆಶಾ ಕಾರ್ಯಕರ್ತೆಗೂ ಅದರ ಲಕ್ಷಣ ಬಾಯಿಪಾಠ.

ತೊಂದರೆ ಹುಟ್ಟುವುದು ಅರಳಗೋಡಿನ ಜ್ವರ ಆರ್. ಟಿ. ನಗರಕ್ಕೆ ಬಂದಾಗ. ನಮ್ಮ ಎಷ್ಟೋ ಬೆಳೆಗಾರರ ಮಕ್ಕಳು ಇಂದು ಯಲಹಂಕ, ಹೆಬ್ಬಾಳದ ಕಡೆ ಮನೆ ಮಾಡಿಕೊಂಡಿದ್ದಾರೆ. ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಕೊಯ್ಲು ಒಂದು ಹಂತಕ್ಕೆ ಬಂದ ಮೇಲೆ ಶಿವಮೊಗ್ಗದ ಕಡೆಯಿಂದ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು ಮಗನ ಮನೆಗೋ ಮಗಳ ಮನೆಗೋ ಹೋಗಿ ನಾಲ್ಕು ದಿನ ಇದ್ದು ಬರುವುದು ವಾಡಿಕೆ. ಮಂಗನ ಕಾಯಿಲೆಯ ಉಣುಗು ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 8 ದಿನ ಹಿಡಿಯುತ್ತದೆ. ಸೊಪ್ಪಿನ ಬೆಟ್ಟದಲ್ಲಿ ತರಗು ಗುಡಿಸುವಾಗ ಕಚ್ಚಿಸಿಕೊಂಡವರಿಗೆ ಜ್ವರ ಏರುವುದು ಬೆಂಗಳೂರಿನಲ್ಲಿ. ಮಗ ಹತ್ತಿರದ ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತಾನೆ. ವಿಳಾಸ ಕೇಳಿದರೆ ಯಲಹಂಕದ ವಿಳಾಸ ಬರೆಸುತ್ತಾನೆ. ರಕ್ತದಲ್ಲಿ ಪ್ಲೇಟ್ಲೆಟ್ ಇಳಿದಿರುತ್ತದೆ, ಎರಡು ಕಾಯಿಲೆಯಲ್ಲಿಯೂ ಅದು ಇಳಿಯುತ್ತದೆ. ಡೆಂಗೆಯ ಪರೀಕ್ಷೆ ಇಲ್ಲವೆಂದು ಬಂದರೆ ‘ಯಾವುದೋ ವೈರಸ್ ಜ್ವರ’ ಎಂದು ಮಾತು ಮುಗಿಯುತ್ತದೆ. ತಾನು ಒಂದು ವಾರದ ಹಿಂದೆ ಎಲ್ಲಿದ್ದೆ ಎಂಬ ಒಂದು ಮಾತನ್ನು ರೋಗಿ ಹೇಳಿದ್ದರೆ ವೈದ್ಯರ ಯೋಚನೆಯೇ ಬೇರೆ ದಾರಿ ಹಿಡಿಯುತ್ತಿತ್ತು.

1957ರ ಪಾಠ

ಊರವರ ಮಾತಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಮಂಗನ ಕಾಯಿಲೆಯ ಚರಿತ್ರೆಯೇ ಸಾಕ್ಷಿ. 1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹಳ್ಳಿಗಳಲ್ಲಿ ಜನರಿಗೂ ಕಡುಜ್ವರ ಬಂತು. ಮೊದಲಿಗೆ ಇದನ್ನು ಟೈಫಾಯಿಡ್ ಇರಬಹುದೆಂದು ತಿಳಿದರು. ಹಳ್ಳಿಯ ಜನ ಮಾತ್ರ ಮಂಗಗಳ ಸಾವಿಗೂ ತಮ್ಮ ಜ್ವರಕ್ಕೂ ನಂಟು ಕಟ್ಟಿ ‘ಮಂಗನ ಕಾಯಿಲೆ’ ಎಂದೇ ಕರೆದರು. ಮಂಗಗಳು ಸಾಯುತ್ತಿವೆ ಎಂಬ ಸುದ್ದಿಯೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನು ಇಲ್ಲಿಗೆ ಎಳೆದು ತಂದಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರವು ಭಾರತಕ್ಕೂ ಬಂದಿತೇ ಎಂಬ ಭಯ ಅವರಿಗಿತ್ತು.

ಡಾ. ಟೆಲ್ಫೋರ್ಡ್ ವರ್ಕ್ ಮತ್ತು ಡಾ. ಹೆರಾಲ್ಡ್ ಟ್ರಪಿಡೊ ಮೊದಲಾದವರು ನಡೆಸಿದ ಸಂಶೋಧನೆಯಿಂದ ಅದು ಹಳದಿ ಜ್ವರವಲ್ಲವೆಂದೂ, ಜಗತ್ತಿಗೇ ಹೊಸದಾದ ಒಂದು ವೈರಸ್ ಎಂದೂ, ಅದು ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ ಎಂದೂ ತಿಳಿದುಬಂತು. ಕ್ಯಾಸನೂರು ಕಾಡಿನ ಹೆಸರೇ ಆ ವೈರಸ್ಸಿಗೆ ನಿಂತಿತು.

ಬಹಳ ಕಾಲ ಈ ಕಾಯಿಲೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಸೀಮಿತವಾಗಿತ್ತು. 2012ರ ಕೊನೆಗೆ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಅನಂತರದ ವರ್ಷಗಳಲ್ಲಿ ಕೇರಳದ ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಂಡಿತು. 2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ಅರಳಗೋಡಿನಲ್ಲಿ ಹಲವರು ಪ್ರಾಣ ಕಳೆದುಕೊಂಡದ್ದು ನಮ್ಮೆಲ್ಲರ ನೆನಪಿನಲ್ಲಿದೆ.

ಹೆಬ್ಬಾಳದ ನಂಟು

ಹೆಬ್ಬಾಳವೆಂದರೆ ಬೆಳೆಗಾರರಿಗೆ ಹಳೆಯ ಪರಿಚಯ. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೊ ದ್ರಾವಣವನ್ನು ನಮ್ಮ ತೋಟಗಳಿಗೆ ತಂದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿಯೇ, 1913ರಲ್ಲಿ, ಅಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಲು 1920ರ ದಶಕದಲ್ಲಿ ಅದೇ ಹೆಬ್ಬಾಳದಲ್ಲಿ ಸ್ಥಾಪನೆಯಾದ ಸಂಸ್ಥೆಯೇ ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ದನಗಳ ಲಸಿಕೆಗೆ ಹೆಸರಾದ ಈ ಸಂಸ್ಥೆ ಮನುಷ್ಯರಿಗಾಗಿ ಮಂಗನ ಕಾಯಿಲೆಯ ಲಸಿಕೆಯನ್ನೂ ತಯಾರಿಸಿ ಮಲೆನಾಡಿಗೆ ಕಳುಹಿಸುತ್ತಿತ್ತೆಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಅದನ್ನು ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆ ಅದು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಅನಂತರ 6ರಿಂದ 9 ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷವರ್ಷವೂ ಒಂದೊಂದು ಹಾಕಿಸಿಕೊಳ್ಳಬೇಕಾಗಿತ್ತು. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನವೊಂದರಲ್ಲಿ ಎರಡು ಚುಚ್ಚುಮದ್ದಿನಿಂದ ಶೇಕಡ 62ರಷ್ಟು, ಮೂರನೆಯದೂ ಸೇರಿದರೆ ಶೇಕಡ 83ರಷ್ಟು ರಕ್ಷಣೆ ಕಂಡಿತ್ತು. ಮುಂದೆ ಲಸಿಕೆಯ ಶಕ್ತಿ ಸಾಲದೆಂದು ತಿಳಿದುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊಸ ಲಸಿಕೆಗೆ ಕೈಹಾಕಿದೆ. ಹಿಂದೆ ಲಸಿಕೆ ಹಾಕಿಸಿಕೊಂಡಿದ್ದೇವೆಂದು ಇಂದು ಯಾರೂ ನಿಶ್ಚಿಂತೆಯಿಂದ ಕುಳಿತಿರಬಾರದು. ಈ ಕಾಯಿಲೆಯನ್ನು ಕೊಲ್ಲುವ ಔಷಧಿಯೂ ಇಲ್ಲವಾದ್ದರಿಂದ ಬೇಗ ಗುರುತಿಸಿ ಆರೈಕೆ ಮಾಡುವುದೇ ಜೀವ ಉಳಿಸುವ ದಾರಿ. ಕಾಯಿಲೆ ಹಿಡಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ವೈದ್ಯರ ಲೆಕ್ಕ.

ತೋಟಗಾರರನ್ನು ಕಾಡುವ ನಾಲ್ಕು ಜ್ವರಗಳು

ಒಂದು, ಮಂಗನ ಕಾಯಿಲೆ. ಕಾಲ ಡಿಸೆಂಬರಿನಿಂದ ಮೇವರೆಗೆ, ಅಂದರೆ ನಮ್ಮ ಕಾಫಿ ಕೊಯ್ಲು ಮತ್ತು ಸೊಪ್ಪು ತರಗು ತರುವ ಕಾಲವೇ. ಜ್ವರ ಒಮ್ಮೆಲೇ ಏರುತ್ತದೆ. ಹಣೆಯಲ್ಲಿ ಸಿಡಿಯುವ ನೋವು, ಸೊಂಟ ಕೈಕಾಲು ಮುರಿದಂತಹ ನೋವು, ಕೆಂಪು ಕಣ್ಣು, ವಾಂತಿ ಇರುತ್ತವೆ. ಕೆಲವರಿಗೆ ಮೂಗು ಒಸಡುಗಳಲ್ಲಿ ರಕ್ತ ಬರುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು, ಮತ್ತೆ ಜ್ವರ ಮರುಕಳಿಸಿ ಕತ್ತು ಬಿಗಿತ, ನಡುಕ, ಮಂಕು ಕಾಣುತ್ತದೆ. ಈ ಎರಡನೆಯ ಸಲದ ಜ್ವರವನ್ನು ಹೊಸ ಜ್ವರವೆಂದು ಎಣಿಸಿ ಹಿಂದಿನದನ್ನು ವೈದ್ಯರಿಗೆ ಹೇಳದೆ ಬಿಡಬಾರದು.

ಎರಡು, ಇಲಿ ಜ್ವರ. ಇಲಿ, ಹೆಗ್ಗಣ, ದನಗಳ ಮೂತ್ರ ಸೇರಿದ ನೀರು ಕೆಸರಿನಲ್ಲಿ ಕೆಲಸ ಮಾಡುವಾಗ ಕಾಲಿನ ಒಡಕು ಗಾಯಗಳ ಮೂಲಕ ರೋಗಾಣು ಒಳಸೇರುತ್ತದೆ. ಮಳೆಗಾಲ ಮತ್ತು ಅದರ ಅನಂತರದ ತಿಂಗಳುಗಳಲ್ಲಿ ಹೆಚ್ಚು. ಮೀನಖಂಡ ಮುಟ್ಟಿದರೆ ಸಹಿಸಲಾಗದ ನೋವು ಇದರ ಗುರುತು. ಕಣ್ಣು ಕೆಂಪಾಗುತ್ತದೆ. ಮುಂದುವರಿದರೆ ಕಾಮಾಲೆ ಕಂಡು ಮೂತ್ರ ಕಡಿಮೆಯಾಗುತ್ತದೆ. ಬಸಿಗಾಲುವೆ ತೆಗೆದವರು, ಗದ್ದೆ ನಾಟಿ ಮಾಡಿದವರು ಇದನ್ನು ನೆನಪಿಡಬೇಕು. ಇದೇ ರೋಗ ಹಸುಗಳಲ್ಲಿ ಕಂದು ಹಾಕುವುದಕ್ಕೆ ಒಂದು ಕಾರಣ. ಯಲಹಂಕದಲ್ಲಿರುವ ‘ನಿವೇದಿ’ ಎಂಬ ಕೇಂದ್ರ ಸರ್ಕಾರದ ಪಶುರೋಗ ಸಂಶೋಧನಾ ಸಂಸ್ಥೆಯಲ್ಲಿ ಇದರ ಬಗ್ಗೆ ಕೆಲಸ ನಡೆಯುತ್ತದೆ. ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದರೆ ಆ ಸಂಗತಿಯನ್ನು ಮನುಷ್ಯರ ವೈದ್ಯರಿಗೂ ಹೇಳುವುದು ಲೇಸು.

ಮೂರು, ಸ್ಕ್ರಬ್ ಟೈಫಸ್. ಪೊದೆ, ಕಳೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿ ಬರುವ ಜ್ವರ. ಕಚ್ಚಿದ ಜಾಗದಲ್ಲಿ ಬೀಡಿ ತಾಗಿ ಸುಟ್ಟಂತಹ ಕಪ್ಪು ಹಕ್ಕಳೆ ಕೆಲವರಲ್ಲಿ ಕಾಣುತ್ತದೆ. ಅದಕ್ಕೆ ನೋವಿಲ್ಲ, ತುರಿಕೆಯಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಕಿವಿಯ ಹಿಂದೆ ಇರುವುದರಿಂದ ರೋಗಿಗೇ ಗೊತ್ತಿರುವುದಿಲ್ಲ. ಸಂಕೋಚದಿಂದ ತೋರಿಸುವುದೂ ಇಲ್ಲ. ಆ ಒಂದು ಕಲೆ ಕಂಡರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿಗೆ ಈ ಜ್ವರ ಸಾಧಾರಣವಾಗಿ ಎರಡು ದಿನಗಳಲ್ಲಿ ಇಳಿಯುತ್ತದೆ. ಗುರುತಿಸದೆ ಹೋದರೆ ಶ್ವಾಸಕೋಶ, ಮೂತ್ರಪಿಂಡಗಳಿಗೆ ತಗುಲಿ ಪ್ರಾಣಕ್ಕೇ ಬರುತ್ತದೆ.

ನಾಲ್ಕು, ಡೆಂಗೆ. ಇದು ಪೇಟೆಯ ಕಾಯಿಲೆಯೆಂದು ಭಾವಿಸುವುದು ಸರಿಯಲ್ಲ. ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಇಲಿ ಅಳಿಲು ಕೊರೆದ ಕೋಕೋ ಕಾಯಿ, ರಬ್ಬರ್ ಹಾಲಿನ ಚಿಪ್ಪು ಇವುಗಳಲ್ಲಿ ನಿಂತ ನೀರಿನಲ್ಲಿ ಹಗಲು ಕಚ್ಚುವ ಸೊಳ್ಳೆ ಬೆಳೆಯುತ್ತದೆ. ಕಣ್ಣುಗುಡ್ಡೆಯ ಹಿಂದೆ ನೋವು, ಮೈಮೇಲೆ ಕೆಂಪು ದದ್ದು ಕಾಣಬಹುದು. ಇದರಲ್ಲಿ ಅಪಾಯದ ವೇಳೆ ಬರುವುದು ಜ್ವರ ಇಳಿಯುವ ಹೊತ್ತಿಗೆ. ಜ್ವರ ಬಿಟ್ಟಿತೆಂದು ಆ ದಿನವೇ ಆಸ್ಪತ್ರೆಯಿಂದ ಎದ್ದು ಬರುವುದು ತಪ್ಪು.

ಪರೀಕ್ಷೆಗೂ ದಿನದ ಲೆಕ್ಕವುಂಟು

ರಕ್ತಪರೀಕ್ಷೆ ಮಾಡಿಸಿದರೆ ರೋಗ ತಾನಾಗಿ ತಿಳಿಯುತ್ತದೆಂಬ ನಂಬಿಕೆ ಬಹಳ ಮಂದಿಗಿದೆ. ಪರೀಕ್ಷೆಯ ಉತ್ತರ ಜ್ವರದ ಎಷ್ಟನೆಯ ದಿನ ರಕ್ತ ತೆಗೆದರು ಎಂಬುದರ ಮೇಲೆ ನಿಂತಿದೆ. ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಮಂಗನ ಕಾಯಿಲೆಗೆ ಆರ್‌ಟಿ-ಪಿಸಿಆರ್, ಡೆಂಗೆಗೆ ಎನ್‌ಎಸ್1 ಪರೀಕ್ಷೆಗಳು ಉಪಯೋಗಕ್ಕೆ ಬರುತ್ತವೆ. ರೋಗಕ್ಕೆದುರಾಗಿ ದೇಹ ಹುಟ್ಟಿಸುವ ಪ್ರತಿಕಾಯಗಳನ್ನು ಹುಡುಕುವ ಐಜಿಎಂ ಪರೀಕ್ಷೆ ಐದು ದಿನ ಕಳೆದ ಮೇಲೆಯೇ ನಂಬಿಕೆಗೆ ಅರ್ಹ. ಎರಡನೆಯ ದಿನ ಐಜಿಎಂ ಮಾಡಿಸಿ ‘ಇಲ್ಲ’ ಎಂದು ಬಂದರೆ ರೋಗ ಇಲ್ಲವೆಂದು ಅರ್ಥವಲ್ಲ. ಕಾಯಿ ಕಟ್ಟುವ ಮೊದಲೇ ಫಸಲು ಎಣಿಸಿದಂತೆ.

ಇನ್ನೊಂದು ವಿಡಾಲ್ ಪರೀಕ್ಷೆ. ಹಿಂದೆ ಎಂದಾದರೂ ಟೈಫಾಯಿಡ್ ರೋಗಾಣು ತಗುಲಿದವರಲ್ಲಿ, ಇಂದಿನ ಜ್ವರ ಬೇರೆಯದಾದರೂ, ಇದು ಸ್ವಲ್ಪ ‘ಇದೆ’ ಎಂದು ತೋರಿಸಬಹುದು. ಅದೊಂದನ್ನೇ ನೆಚ್ಚಿ ಟೈಫಾಯಿಡ್ ಎಂದು ತೀರ್ಮಾನಿಸಿ ವಾರಗಟ್ಟಲೆ ಮಾತ್ರೆ ನುಂಗಿದವರು ಕಡಿಮೆಯಿಲ್ಲ. ಆದ್ದರಿಂದ ಜ್ವರ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಎಲ್ಲಕ್ಕಿಂತ ಮೊದಲ ಕೆಲಸ.

ವೈದ್ಯರಿಗೆ ಹೇಳಬೇಕಾದ ಆರು ಸಂಗತಿಗಳು

1. ಜ್ವರ ಯಾವ ದಿನ, ಯಾವ ಹೊತ್ತಿಗೆ ಪ್ರಾರಂಭವಾಯಿತು. ಒಮ್ಮೆಲೇ ಏರಿತೋ, ಮೆಲ್ಲಗೆ ಏರಿತೋ.

2. ಹಿಂದಿನ ಎರಡು ವಾರ ಯಾವ ಊರಿನಲ್ಲಿ ಇದ್ದಿರಿ. ಮಕ್ಕಳ ಮನೆಯ ವಿಳಾಸದ ಜೊತೆಗೆ ಊರಿನ ವಿಳಾಸವನ್ನೂ ಬರೆಸಿರಿ.

3. ಏನು ಕೆಲಸ ಮಾಡಿದಿರಿ: ಸೊಪ್ಪು ತರಗು ತಂದದ್ದು, ಕಾಡಿಗೆ ಸೌದೆಗೆ ಹೋದದ್ದು, ಕಾಲುವೆ ತೆಗೆದದ್ದು, ಕಳೆ ಕೊಚ್ಚಿದ್ದು, ಔಷಧಿ ಸಿಂಪಡಿಸಿದ್ದು.

4. ಸುತ್ತಮುತ್ತ ಮಂಗ ಸತ್ತಿದೆಯೇ, ಮೈಮೇಲೆ ಉಣುಗು ಕಂಡಿತೇ, ಹಸು ಕಂದು ಹಾಕಿತೇ, ನೆರೆಮನೆಯಲ್ಲಿ ಅಥವಾ ಕೂಲಿಯಾಳುಗಳಲ್ಲಿ ಯಾರಿಗಾದರೂ ಇಂತಹುದೇ ಜ್ವರ ಬಂತೇ.

5. ಈಗಾಗಲೇ ನುಂಗಿದ ಮಾತ್ರೆ, ಹಾಕಿಸಿಕೊಂಡ ಚುಚ್ಚುಮದ್ದು, ಕುಡಿದ ಕಷಾಯ. ಚೀಟಿಯಿದ್ದರೆ ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ.

6. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಬಸಿರು ಇದ್ದರೆ ಅದು. ದಿನವೂ ತೆಗೆದುಕೊಳ್ಳುವ ಮಾತ್ರೆಗಳು.

ಇದನ್ನೆಲ್ಲ ಹೇಳಲು ಎರಡು ನಿಮಿಷ ಸಾಕು. ವೈದ್ಯರು ಕೇಳದಿದ್ದರೂ ಹೇಳಿರಿ. ‘ಸಾರ್, ನಾನು ಮಂಗನ ಕಾಯಿಲೆ ಬರುವ ಊರಿನವನು’ ಎಂದು ಹೇಳುವುದಕ್ಕೆ ಅಂಜಿಕೆ ಬೇಡ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಮನೆಯವರು ದೂರ ಇಡಬೇಕಾದ ಕಾರಣವೂ ಇಲ್ಲ.

ಮನೆಯ ಆರೈಕೆ, ಆಸ್ಪತ್ರೆಯ ವೇಳೆ

ಜ್ವರ ಯಾವುದೆಂದು ತಿಳಿಯುವ ತನಕ ಪ್ಯಾರಾಸೆಟಮಾಲ್ ಒಂದನ್ನೇ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ನುಂಗುವುದಾಗಲಿ, ಬೇಗ ಗುಣವಾಗಲೆಂದು ಸೊಂಟಕ್ಕೆ ಚುಚ್ಚುಮದ್ದು ಹಾಕಿಸಿಕೊಳ್ಳುವುದಾಗಲಿ ಬೇಡ. ಪ್ಲೇಟ್ಲೆಟ್ ಇಳಿದಿರುವಾಗ ಇವುಗಳಿಂದ ರಕ್ತಸ್ರಾವವಾಗುವ ಅಪಾಯವಿದೆ. ಗಂಜಿ, ಎಳನೀರು, ಓಆರ್‌ಎಸ್ ನೀರು ಬೇಕಾದಷ್ಟು ಕೊಡಬೇಕು.

ಬಿಡದ ವಾಂತಿ, ತಡೆಯಲಾರದ ಹೊಟ್ಟೆನೋವು, ಎಲ್ಲಿಂದಲಾದರೂ ರಕ್ತ, ಕಪ್ಪು ಮಲ, ಏದುಸಿರು, ಮಂಕು ಅಥವಾ ಅಸಂಬದ್ಧ ಮಾತು, ತಣ್ಣಗಾದ ಕೈಕಾಲು, ಆರು ಗಂಟೆ ಕಳೆದರೂ ಮೂತ್ರವಿಲ್ಲದಿರುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯದೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಮೂರು ದಿನವಾದರೂ ಜ್ವರ ಇಳಿಯದಿದ್ದರೆ, ಇವು ಯಾವುವೂ ಇಲ್ಲದಿದ್ದರೂ, ರಕ್ತಪರೀಕ್ಷೆಗೆ ಹೋಗಬೇಕು. ಮಂಗನ ಕಾಯಿಲೆಯ ಊರುಗಳವರು ಮೂರು ದಿನ ಕಾಯದೆ ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಕ್ಷೇಮ.

ತೋಟದಲ್ಲಿ ಎಚ್ಚರ

ಸೊಪ್ಪು ತರಗು ಇಲ್ಲದೆ ಅಡಿಕೆ ತೋಟವಿಲ್ಲ. ಕಾಡಿಗೆ ಹೋಗಬೇಡಿರೆಂದು ಹೇಳುವುದು ಸುಲಭ, ಬದುಕುವುದು ಕಷ್ಟ. ಆದರೂ ಕೆಲವು ಎಚ್ಚರ ನಮ್ಮ ಕೈಯಲ್ಲಿವೆ. ತಂದ ತರಗನ್ನು ಮನೆಯ ಅಂಗಳದಲ್ಲಿ, ಕೊಟ್ಟಿಗೆಯ ಬಾಗಿಲಿನಲ್ಲಿ ರಾಶಿ ಹಾಕದೆ ದೂರದಲ್ಲಿ ಹಾಕಬೇಕು. ಅರಳಗೋಡಿನ ರೋಗಿಗಳ ಅಧ್ಯಯನದಲ್ಲಿ ಮನೆಯ ಸುತ್ತ ಒಣ ಎಲೆಗಳ ರಾಶಿ ಮತ್ತು ದನಗಳ ಒಡನಾಟ ಎರಡೂ ಕಾಯಿಲೆಗೆ ದಾರಿಯೆಂದು ಕಂಡುಬಂದಿದೆ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಬಟ್ಟೆಯಿಂದ ಹೊರಗಿರುವ ಕೈಕಾಲುಗಳಿಗೆ ಹಚ್ಚಬೇಕು. ಬಂದ ಕೂಡಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಬೇಕು. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ, ಮಕ್ಕಳನ್ನು ಹತ್ತಿರ ಬಿಡದೆ ಗ್ರಾಮ ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ಅಂದೇ ತಿಳಿಸಬೇಕು.

ಕೊಯ್ಲಿನ ಕಾಲದಲ್ಲಿ ದೂರದ ಊರುಗಳಿಂದ ಬಂದು ನಮ್ಮ ಲೈನ್ ಮನೆಗಳಲ್ಲಿ ಉಳಿಯುವ ಆಳುಗಳಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ. ಕೆಲಸ ಮುಗಿಸಿ ಊರಿಗೆ ಮರಳಿದ ಮೇಲೆ ಅವರಿಗೆ ಜ್ವರ ಬಂದರೆ ಅಲ್ಲಿಯ ವೈದ್ಯರಿಗೆ ಹೇಳಲು ಅವರ ಬಾಯಲ್ಲಿ ಮಾತಿಲ್ಲ. ಬಟವಾಡೆ ಮಾಡುವ ದಿನ ‘ಹದಿನೈದು ದಿನದೊಳಗೆ ಜ್ವರ ಬಂದರೆ ಮಲೆನಾಡಿನ ತೋಟದಲ್ಲಿ ಕೆಲಸ ಮಾಡಿದ್ದೆನೆಂದು ಹೇಳು’ ಎಂದು ಒಂದು ಮಾತು ತಿಳಿಸಿ, ಊರು ತಾಲ್ಲೂಕಿನ ಹೆಸರನ್ನು ಚೀಟಿಯಲ್ಲಿ ಬರೆದು ಕೊಡುವುದು ತೋಟದ ಯಜಮಾನರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಅದೇ ಚೀಟಿಯ ಒಂದು ಪ್ರತಿ ಬೆಂಗಳೂರಿಗೆ ಹೊರಡುವ ನಮ್ಮ ಜೇಬಿನಲ್ಲಿಯೂ ಇರಲಿ.